ಐದೂವರೆ ಗಂಟೆ ಹಿಂದಿದ್ದ ಗಡಿಯಾರ

ನಮ್ಮ ಆಫೀಸಿಗೆ ಬಂದವರೆಲ್ಲ ಮೊದಲು ಬೇಸ್ತುಬೀಳುತ್ತಿದ್ದದ್ದು ಗೋಡೆ ಗಡಿಯಾರ ನೋಡಿ. ಹಿರಿಯೂರಿನಿಂದ ಧರ್ಮಪುರಕ್ಕೆ ಹೋಗುವ ದಾರಿಯಲ್ಲಿ, ಊರು ಮುಗಿದು ಶೇಂಗಾ ಹೊಲಗಳು ಶುರುವಾಗುವ ಕಡೆ, ಹವಾಮಾನ ಅಳೆಯುವ ಸಣ್ಣದೊಂದು ಸರ್ಕಾರಿ ಕಚೇರಿ ಇತ್ತು. ಜನ ಅದನ್ನು ಮಳೆ ಆಫೀಸು ಅನ್ನುತ್ತಿದ್ದರು. ಒಂದು ಕೋಣೆ, ತಂತಿಬೇಲಿಯೊಳಗೆ ಮಳೆ ಅಳೆಯುವ ಡಬ್ಬಿ, ಬಿಳಿ ಬಣ್ಣ ಬಳಿದ ಮರದ ಪೆಟ್ಟಿಗೆಯಲ್ಲಿ ನಾಲ್ಕು ಥರ್ಮಾಮೀಟರು, ಗಾಳಿಯ ದಿಕ್ಕು ತೋರಿಸುವ ಒಂದು ಕಂಬ, ಹಿಂದುಗಡೆ ಒಂದು ಕ್ವಾರ್ಟರ್ಸು. ಇಷ್ಟೇ ನಮ್ಮ ಸಾಮ್ರಾಜ್ಯ. ಬಸ್ಸು ನಿಲ್ಲುವ ಹುಣಿಸೆ ಮರ ಎದುರಿಗೇ ಇದ್ದದ್ದರಿಂದ ನೀರು ಕೇಳಿಕೊಂಡು ಒಳಗೆ ಬರುವವರು ಬಹಳ. ಹೊರಗೆ ಎಳೆಬಿಸಿಲು, ಗಡಿಯಾರದಲ್ಲಿ ಮೂರು ಗಂಟೆ. ಕುಡಿಯುತ್ತಿದ್ದ ನೀರು ನೆತ್ತಿಗೇರಬೇಕು.

"ಸಾಬ್ರೆ, ನಿಮ್ ಗಡಿಯಾರ ಕೆಟ್ಟೈತಲ್ರಿ."

ಮೇಜಿನ ಮುಂದೆ ಕುಳಿತ ಮನುಷ್ಯ ತಲೆ ಎತ್ತದೆ ಹೇಳುತ್ತಿದ್ದರು: "ಕೆಟ್ಟಿಲ್ಲ. ಅದು ಲಂಡನ್ ಟೈಮು. ನಿಮ್ ಬಸ್ಸು ಹೋಗಾದು ಧರ್ಮಪುರಕ್ಕೆ, ಲಂಡನ್ನಿಗಲ್ಲ. ಕುಂತ್ಕಳ್ರಿ, ಇನ್ನೂ ಹೊತ್ತೈತೆ."

ಆ ಮನುಷ್ಯ ಹೋದ ತಿಂಗಳು ದುರ್ಗದಲ್ಲಿ ತೀರಿಕೊಂಡರು. ಸುದ್ದಿ ನನಗೆ ಮುಟ್ಟಿದಾಗ ಮಣ್ಣು ಮಾಡಿ ನಾಲ್ಕು ದಿನ ಆಗಿತ್ತು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ನಾನು ಹೇಳಲು ಹೊರಟಿರುವ ವಿಷಯ ಅವರು ಬದುಕಿರುವತನಕ ಹೇಳುವಂಥದ್ದಾಗಿರಲಿಲ್ಲ. ಈಗಲೂ ಹೆಸರು ಹಿಡಿದು ಹೇಳಲು ಬಾಯಿ ಬರುತ್ತಿಲ್ಲ.

ಲಂಡನ್ ಟೈಮಿನ ವಿಚಾರ ಏನೆಂದರೆ, ಲೋಕದ ಹವಾಮಾನ ಕಚೇರಿಗಳೆಲ್ಲ ಒಂದೇ ಕ್ಷಣದಲ್ಲಿ ಬಿಸಿಲು, ಗಾಳಿ, ಮಳೆ ನೋಡಿ ಬರೆಯಬೇಕು. ಊರಿಗೊಂದು ಗಂಟೆ ಇಟ್ಟುಕೊಂಡರೆ ಲೆಕ್ಕ ಕೂಡಿಬರುವುದಿಲ್ಲ. ಅದಕ್ಕೆ ಎಲ್ಲರಿಗೂ ಒಂದೇ ಗಡಿಯಾರ, ಲಂಡನ್ನಿನದು. ನಮ್ಮ ಟೈಮು ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮ್ಮ ಬೆಳಗಿನ ಎಂಟೂವರೆಗೆ ನೋಡಿದ್ದನ್ನು ಮೂರು ಗಂಟೆ ಎಂದು ಬರೆಯಬೇಕು, ಸಂಜೆ ಐದೂವರೆಯದನ್ನು ಹನ್ನೆರಡು ಎಂದು. ಅಭ್ಯಾಸವಾದರೆ ಏನೂ ಅನಿಸುವುದಿಲ್ಲ. ಅಭ್ಯಾಸವಾಗುವತನಕ ತಲೆ ಗಿರ್ ಅನ್ನುತ್ತದೆ.

ಎಪ್ಪತ್ತರ ಆಸುಪಾಸಿನಲ್ಲಿ, ನಮ್ಮ ತಂದೆ ಸತ್ತು ಅವರ ಇಲಾಖೆಯ ಕೃಪೆಯಿಂದ ಸಹಾಯಕಿಯ ಕೆಲಸ ಸಿಕ್ಕು, ನಾನು ಅಲ್ಲಿಗೆ ಹೋದೆ. ಹೆಣ್ಣು ಮಗಳನ್ನು ಬಯಲಿನಲ್ಲಿ ಕೂರಿಸಿದರಲ್ಲ ಎಂದು ನಮ್ಮಮ್ಮ ಮೂಗು ಒರೆಸಿಕೊಂಡಳು. ನನಗೇನೂ ಅಳು ಬರಲಿಲ್ಲ, ಸಿಟ್ಟು ಬಂದಿತ್ತು. ಕಾಲೇಜು ಬಿಡಿಸಿ ಡಬ್ಬಿಯಲ್ಲಿ ಮಳೆ ಅಳೆಯಲು ಕಳಿಸಿದರಲ್ಲ ಎಂದು. ಆ ಸಿಟ್ಟನ್ನು ಮೊದಲ ದಿನವೇ, ನಾನು ಸಾರ್ ಅನ್ನುತ್ತಿದ್ದ ಆ ಮನುಷ್ಯರ ಮೇಲೆ ತೀರಿಸಿಕೊಳ್ಳಲು ನೋಡಿದೆ. ಥರ್ಮಾಮೀಟರ್ ಓದಿ "ಇಪ್ಪತ್ತೆರಡು ಪಾಯಿಂಟ್ ಆರು" ಎಂದು ಕೂಗಿದೆ.

"ಹಂಗಲ್ಲಮ್ಮ. ಮೊದ್ಲು ಚೂರು ನೋಡ್ಬೇಕು, ಆಮೇಲೆ ಇಡೀದು. ನೀನು ಹತ್ರ ಬಂದ್ರೆ ನಿನ್ನ ಉಸಿರಿಗೇ ಪಾದರಸ ಏರ್ತೈತೆ. ಚೂರು ಓಡಿಹೋಗ್ತೈತೆ, ಇಡೀದು ಎಲ್ಲಿಗೋಗುತ್ತೆ, ಅಲ್ಲೇ ಇರ್ತೈತೆ."

ಅವರು ಉಸಿರು ಹಿಡಿದು ಓದುತ್ತಿದ್ದರು. ಪೆಟ್ಟಿಗೆಯ ಬಾಗಿಲು ತೆಗೆದು, ಕತ್ತು ಮುಂದೆ ಚಾಚಿ, ತುಟಿ ಬಿಗಿಹಿಡಿದು, "ಆರು... ಇಪ್ಪತ್ತೆರಡು" ಎಂದು ಬಾಗಿಲು ಮುಚ್ಚಿದ ಮೇಲೆಯೇ ಉಸಿರು ಬಿಡುವುದು. ಮಾತಿನಲ್ಲೂ ಅವರದು ಹಾಗೆಯೇ. ಸಣ್ಣದು ಮೊದಲು ಬರುತ್ತಿತ್ತು, ದೊಡ್ಡದು ಕೊನೆಗೆ.

ಅವರ ಮನೆತನದ್ದು ಕಲಾಯಿ ಹಾಕುವ ಕಸುಬು. ದುರ್ಗದ ಕೋಟೆ ಕೆಳಗಿನ ಬೀದಿಯಲ್ಲಿ ಅಜ್ಜನ ಅಜ್ಜನ ಕಾಲದಿಂದ ತಾಮ್ರದ ಪಾತ್ರೆಗೆ ಬೆಳ್ಳಗೆ ಕಲಾಯಿ ಹಾಕುತ್ತಾ ಬಂದವರು. ಇವರೊಬ್ಬರು ಎಸ್ಸೆಸ್ಸೆಲ್ಸಿ ಪಾಸಾಗಿ ಸರ್ಕಾರಿ ನೌಕರಿಗೆ ಬಂದಿದ್ದರು. ಆದರೂ ಕೈ ಸುಮ್ಮನಿರಬೇಕಲ್ಲ. ಮಳೆ ಡಬ್ಬಿಯ ಆಲಿಕೆಯನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ, ಮಳೆಯೇ ಇಲ್ಲದ ಆ ಬಯಲಿನಲ್ಲಿ ಅದನ್ನು ಮದುವೆ ಮನೆಯ ಪಾತ್ರೆಯಂತೆ ಹೊಳೆಸುತ್ತಿದ್ದರು. "ಬರೋ ಮಳೆಗೆ ನಾವು ಅಳತೆ ತಪ್ಪಬಾರದಲ್ಲಮ್ಮ" ಅನ್ನುವರು. ಅವರಿಗೊಂದು ಜಂಬವೂ ಇತ್ತು. ಇಷ್ಟು ವರ್ಷದಲ್ಲಿ ಒಂದು ಹೊತ್ತಿನ ಓದು ಬಿಟ್ಟಿಲ್ಲ, ಒಂದು ಸಲ ಗಂಟೆ ತಪ್ಪಿ ಬರೆದಿಲ್ಲ ಎಂದು ಬಂದವರ ಮುಂದೆಲ್ಲ ಹೇಳಿಕೊಳ್ಳುವರು. ನನಗೆ ಅದು ಕೇಳಿ ಕೇಳಿ ಬೇಜಾರು.

ಹರಿಯಬ್ಬೆ ಕಡೆಯ ಕುರಿಗಾಹಿಯೊಬ್ಬ ಆಗಾಗ ಬಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದ. "ಸಾಬ್ರೆ, ಮಳೆ ಯಾವಾಗ ಬರ್ತೈತಿ?"

"ಬಂದ್ ಮ್ಯಾಲೆ ಹೇಳ್ತೀನಪ್ಪ."

"ಬಂದ್ ಮ್ಯಾಲೆ ನಂಗೇ ಗೊತ್ತಾಗ್ತೈತಲ್ರಿ."

"ಎಷ್ಟು ಬಂತು ಅಂತ ಗೊತ್ತಾಗಲ್ಲ. ಅದನ್ನ ಹೇಳಾಕೆ ನಾನಿದೀನಿ."

ಅವನು ಗೊಣಗಿಕೊಂಡು ಹೋಗುವನು. ಮುಂದಿನ ಸಲ ಈ ಕಡೆ ಬಂದಾಗ ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಇಬ್ಬರಿಗೂ ಅದರಲ್ಲಿ ಏನು ಸುಖವೋ.

ಕ್ವಾರ್ಟರ್ಸಿನಲ್ಲಿ ಅವರ ಹೆಂಡತಿ ಇದ್ದರು. ನಾನು ಅಕ್ಕ ಅನ್ನುತ್ತಿದ್ದೆ. ಮಕ್ಕಳಿರಲಿಲ್ಲ. ನಾಲ್ಕನೇ ಕ್ಲಾಸು ಓದಿದ್ದರಂತೆ, ಅಂಕಿಗಳನ್ನು ಮಾತ್ರ ಮುತ್ತು ಪೋಣಿಸಿದ ಹಾಗೆ ಬರೆಯುವರು. ಮಧ್ಯಾಹ್ನ ನನ್ನ ಡಬ್ಬಿ ಅಲ್ಲೇ ಬಿಚ್ಚಬೇಕು, ನನ್ನ ಚಿತ್ರಾನ್ನಕ್ಕೆ ಅವರು ಮೂಗು ಮುರಿಯಬೇಕು, ಅವರ ಬೇಳೆ ಸಾರನ್ನು ನಾನು ಬಟ್ಟಲು ಬಟ್ಟಲು ಕುಡಿಯಬೇಕು. ಒಂದು ದಿನ ಅವರೇ ನಗುತ್ತಾ ಆ ಕಥೆ ಹೇಳಿದರು. ನಾನು ಕೆಲಸಕ್ಕೆ ಸೇರುವುದಕ್ಕೆ ಕೆಲವು ವರ್ಷ ಮೊದಲಿನ ಮಾತು. ಆಗ ಆಫೀಸಿನಲ್ಲಿ ಗಂಡ ಒಬ್ಬರೇ. ಗಾಳಿ ಕಂಬಕ್ಕೆ ಎಣ್ಣೆ ಬಿಡಲು ಹತ್ತಿ, ಮೇಲಿನಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ದುರ್ಗದ ಆಸ್ಪತ್ರೆಯಲ್ಲಿ ಎರಡು ತಿಂಗಳು ಮಲಗಬೇಕಾಯಿತು. ರಜೆ ಕೇಳಿದರೆ ಬದಲಿ ಜನ ಇಲ್ಲ ಎಂದು ಕಚೇರಿಯನ್ನೇ ಮುಚ್ಚಿಬಿಡುತ್ತಾರೆ ಎಂಬ ಭಯ. ಹೆಂಡತಿಗೆ ಥರ್ಮಾಮೀಟರು ಓದುವುದನ್ನು ಹಾಸಿಗೆಯ ಮೇಲೆಯೇ ಹೇಳಿಕೊಟ್ಟು, ಮನೆಯ ಟೈಂಪೀಸಿನಲ್ಲಿ ಬೆಳಿಗ್ಗೆ ಎಂಟೂವರೆ, ಸಂಜೆ ಐದೂವರೆ ಆದಾಗ ಹೋಗಿ ನೋಡು, ರಿಜಿಸ್ಟರಿನ ಗಂಟೆ ಕಾಲಮ್ಮಿನಲ್ಲಿ ಗೋಡೆ ಗಡಿಯಾರ ತೋರಿಸಿದ್ದನ್ನು ಬರೆ, ತಿಂಗಳಾದ ಮೇಲೆ ಕಾಗದ ಟಪಾಲಿಗೆ ಹಾಕು ಎಂದರು. ಒಂದು ದಿನವೂ ಬಿಡಬೇಡ ಎಂದರು.

"ನಾನು ಆಫೀಸಿನ ಒಳಗೆ ಕಾಲಿಟ್ಟಿದ್ದೇ ಅವತ್ತು ಕಣಮ್ಮ" ಅಂದರು ಅಕ್ಕ. "ನೋಡ್ತೀನಿ, ಮನೆದು ಎಂಟೂವರೆ ಅಂತೈತೆ, ಗೋಡೆದು ಮೂರು ಅಂತೈತೆ. ಪಾಪ, ಇವ್ರು ಬಿದ್ದಾಗಿಂದ ಅದಕ್ಕೂ ಮೈ ಸರಿ ಇಲ್ಲ ಅನ್ಕಂಡೆ. ಸ್ಟೂಲ್ ಹಾಕ್ಕಂಡು ಹತ್ತಿ ಸರಿ ಮಾಡಿ ಬಿಟ್ಟೆ."

ಹೀಗೆ ಎರಡು ತಿಂಗಳು ನಮ್ಮ ಆಫೀಸು ಲಂಡನ್ನಿನ ಸಂಬಂಧ ಕಡಿದುಕೊಂಡು ಹಿರಿಯೂರಿನ ಟೈಮಿನಲ್ಲಿ ನಡೆಯಿತು. ಓದು ಸರಿಯಾದ ಹೊತ್ತಿನದೇ. ಪಕ್ಕದಲ್ಲಿ ಬರೆದ ಗಂಟೆ ಮಾತ್ರ ಮೂರರ ಬದಲು ಎಂಟೂವರೆ, ಹನ್ನೆರಡರ ಬದಲು ಐದೂವರೆ. ಅವರು ಊರುಗೋಲಿನಲ್ಲಿ ಮನೆಗೆ ಬಂದು ನೋಡುವಷ್ಟರಲ್ಲಿ ಕಾಗದಗಳು ದೊಡ್ಡ ಕಚೇರಿ ಸೇರಿದ್ದವು. ಗಡಿಯಾರವನ್ನು ಮತ್ತೆ ಹಿಂದಕ್ಕೆ ತಿರುಗಿಸಿ ಸುಮ್ಮನಾದರು. ಅಲ್ಲಿನ ಗುಮಾಸ್ತರು ಯಾರೂ ಗಮನಿಸಲಿಲ್ಲ. "ಬೈದ್ರಾ ಅಕ್ಕ?" ಅಂದೆ. "ಬೈಲಿಲ್ಲ. ಮೂರು ದಿನ ನನ್ ಮುಖ ನೋಡ್ದಾಗೆಲ್ಲ ನಕ್ಕರು" ಅಂದರು.

ಆ ಅಕ್ಕ ಹೆಚ್ಚು ದಿನ ಉಳಿಯಲಿಲ್ಲ. ಹೊಟ್ಟೆಯಲ್ಲಿ ಗಡ್ಡೆ. ಒಂದು ಬೆಳಿಗ್ಗೆ ನಾನು ಬಸ್ಸಿಳಿದು ಬಂದಾಗ ಸಾರ್ ಬೇಲಿಯ ಹತ್ತಿರ ನಿಂತಿದ್ದರು.

"ಒದ್ದೆ ಥರ್ಮಾಮೀಟ್ರಿನ ಬಟ್ಟೆ ಕೊಳೆಯಾಗೈತಮ್ಮ, ಬದಲಾಯಿಸು. ಕೆಳಗಿನ ಬುಡ್ಡಿಗೆ ನೀರು ತುಂಬ್ಸು. ಬೆಳಿಗ್ಗಿಂದು ನಾನು ನೋಡಿ ಬರ್ದೀನಿ. ಸಂಜೆದು ನೀನೇ ನೋಡ್ಬೇಕಾಗ್ತೈತೆ." ಆಮೇಲೆ ಉಸಿರು ಬಿಟ್ಟರು. "ಆಕಿ ಹೋಗ್ಬಿಟ್ಲು."

ನಾನು ಅಲ್ಲೇ ಬೇಲಿ ಹಿಡಿದುಕೊಂಡು ಅತ್ತೆ. ಅವರು ಅಳಲಿಲ್ಲ. ಆದರೆ ಮನೆಯ ಟೈಂಪೀಸಿಗೆ ಕೀಲಿ ಕೊಡುತ್ತಿದ್ದದ್ದು ಅಕ್ಕ. ಅದು ನಿಂತದ್ದು ನಿಂತೇ ಹೋಯಿತು. ಅಲ್ಲಿಂದ ಮುಂದೆ ಅವರು ಆಫೀಸಿನ ಗಡಿಯಾರವೊಂದನ್ನೇ ನೋಡಿಕೊಂಡು ಬದುಕಿದರು. ಹಸಿವಾಯಿತೇ ಎಂದರೆ ಗೋಡೆ ನೋಡುವರು. "ಏಳಾತು, ಉಣ್ಣಾಣ" ಅನ್ನುವರು. ಹೊರಗೆ ಮಟಮಟ ಮಧ್ಯಾಹ್ನ. ಆ ಕಾಲದಲ್ಲಿ ಅವರನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಅದಾಗಿ ಕೆಲವು ವರ್ಷಕ್ಕೆ ದೊಡ್ಡ ಕಚೇರಿಗೆ ಕಂಪ್ಯೂಟರು ಬಂತು. ಹಳೆಯ ಓದುಗಳನ್ನೆಲ್ಲ ಕಾರ್ಡಿನಲ್ಲಿ ತೂತು ಹೊಡೆದು ಅದಕ್ಕೆ ತಿನ್ನಿಸುತ್ತಾರಂತೆ, ಅದು ಜೀರ್ಣಿಸಿಕೊಂಡು ಲೆಕ್ಕ ಹೇಳುತ್ತದಂತೆ ಎಂದು ಕೇಳಿದ್ದೆವು. ಇಬ್ಬರೂ ನೋಡಿರಲಿಲ್ಲ. ಅವರಿಗೆ ಅದರ ಮೇಲೆ ಹೊಸ ಇನ್ಸ್‌ಪೆಕ್ಟರ ಮೇಲೆ ಇರುವಂಥ ಭಯಭಕ್ತಿ. ಒಂದು ದಿನ ಎರಡೂ ಅಂಚಿಗೆ ಸಾಲು ತೂತಿದ್ದ, ಬಿಚ್ಚಿದಷ್ಟೂ ಉದ್ದವಾಗುವ ಕಾಗದದ ಮಡಿಕೆ ನಮಗೆ ಬಂತು. ಎರಡು ತಿಂಗಳ ಸಾಲುಗಳ ಮುಂದೆಲ್ಲ ನಕ್ಷತ್ರದ ಗುರುತು. ನಿಮ್ಮ ಕಚೇರಿಯಲ್ಲಿ ಮಧ್ಯಾಹ್ನ ಚಳಿ, ನಡುರಾತ್ರಿ ಸೆಕೆ ಎಂದು ದಾಖಲಾಗಿದೆ, ಕಾರಣ ತಿಳಿಸಿ, ಸರಿಯಾದ ಕಾರಣ ಸಿಗದಿದ್ದರೆ ಈ ಕಚೇರಿಯ ಹಿಂದಿನ ಓದುಗಳನ್ನೆಲ್ಲ ಬದಿಗಿಡಬೇಕಾಗುತ್ತದೆ ಎಂದು ಮೇಲೊಂದು ಒಕ್ಕಣೆ.

ಅವರ ಮುಖ ಬಿಳಚಿಕೊಂಡಿತು. ಹಿಂದಿನ ಓದುಗಳೆಲ್ಲ ಅಂದರೆ ಅವರ ಇಡೀ ಸರ್ವೀಸು.

ಕಾಗದವನ್ನು ನೆಲದ ಮೇಲೆ ಉದ್ದಕ್ಕೆ ಹಾಸಿ ಇಬ್ಬರೂ ಕುಕ್ಕರಗಾಲಲ್ಲಿ ಕುಳಿತೆವು. ಥರ್ಮಾಮೀಟರು ಕೆಟ್ಟಿತ್ತೇ ಅಂದೆ. ಕೆಟ್ಟಿದ್ದರೆ ಅಂಕಿ ಏರುಪೇರಾಗಬೇಕಿತ್ತು, ಅಂಕಿಗಳೆಲ್ಲ ನಯವಾಗಿ ಕೂತಿವೆ. ತೂತು ಹೊಡೆಯುವವರು ತಪ್ಪಿದರೇ ಅಂದೆ. ಮನುಷ್ಯರು ತಪ್ಪಿದರೆ ದಿನಕ್ಕೊಂದು ಥರ ತಪ್ಪಬೇಕು. ಇಲ್ಲಿ ಪ್ರತಿ ಸಾಲೂ ಅಷ್ಟೇ ದೂರ ಸರಿದಿತ್ತು. ನಮ್ಮ ಸಂಜೆ ಐದೂವರೆಯ ಓದನ್ನು ಯಂತ್ರ ಲಂಡನ್ನಿನ ಐದೂವರೆ ಎಂದು ತಿಳಿದು, ಅದಕ್ಕೆ ಮತ್ತೆ ಐದೂವರೆ ಗಂಟೆ ಕೂಡಿಸಿ ರಾತ್ರಿ ಹನ್ನೊಂದಕ್ಕೆ ಕೊಂಡೊಯ್ದಿತ್ತು. ಬೆಳಗಿನ ಚಳಿಯನ್ನು ಮಧ್ಯಾಹ್ನಕ್ಕೆ ತಂದು ಕೂರಿಸಿತ್ತು. ಇದನ್ನು ನಾನು ಬೆರಳಲ್ಲಿ ಎಣಿಸಿ ಹೇಳುತ್ತಿದ್ದರೆ ಅವರು ತಿಂಗಳ ಹೆಸರು ನೋಡುತ್ತಿದ್ದರು.

"ಇದು ತಪ್ಪಲ್ಲಮ್ಮ" ಅಂದರು. "ಇದು ಆಕಿ."

ಆಗ ನನಗೂ ಹೊಳೆಯಿತು. ಹೊಳೆದ ಕೂಡಲೆ ಉಪಾಯವನ್ನೂ ಹೇಳಿದೆ, ನನ್ನ ಬುದ್ಧಿ ಅಂಥದ್ದು. ಆ ಎರಡು ತಿಂಗಳು ಗಡಿಯಾರ ಕೆಟ್ಟಿತ್ತು, ಆ ಓದು ಬಿಟ್ಟುಬಿಡಿ ಎಂದು ಬರೆದು ಕೈ ತೊಳೆದುಕೊಳ್ಳಿ ಸಾರ್, ಉಳಿದದ್ದೆಲ್ಲ ಉಳಿಯುತ್ತದೆ. ರಿಟೈರಾಗುವ ಹೊತ್ತಿಗೆ ಯಾಕೆ ಬೇಕು ರಗಳೆ?

"ಬಿಟ್ಬಿಡೋದಾ?" ಅಂದರು. "ಮುರಿದ ಕಾಲಿನ ನನ್ನನ್ನ ವಾರಕ್ಕೊಂದ್ಸಲ ನೋಡಾಕೆ ಬರೋಳು, ಬೆಳಗಿಂದು ಬರ್ದಿಟ್ಟು ಬಸ್ ಹತ್ತೋಳು, ಸಂಜೆದಕ್ಕೆ ಓಡಿ ಹೋಗೋಳು. ಗಂಟೆ ತಪ್ಪು ಬರ್ದಿರ್ಬೋದು. ಆಕಿ ನೋಡಿದ್ದು ಸುಳ್ಳಲ್ಲಮ್ಮ."

ಉತ್ತರ ಬರೆಯುವ ಮೊದಲೇ ತನಿಖೆಗೆ ಒಬ್ಬ ಅಧಿಕಾರಿ ಬಂದರು. ಮೈಸೂರು ಕಡೆಯವರು, ವಯಸ್ಸಿನಲ್ಲಿ ಚಿಕ್ಕವರು, ಒಳ್ಳೆಯ ಮನುಷ್ಯ. ಕುರ್ಚಿ ಎಳೆದುಕೊಟ್ಟು ನಾನು ಟೀ ತರುವಷ್ಟರಲ್ಲಿ ಈ ಮಹಾರಾಯರು ಇದ್ದದ್ದನ್ನು ಇದ್ದಂತೆ ಹೇಳಿ ಮುಗಿಸಿದ್ದರು. ಅಧಿಕಾರಿ ಬಹಳ ಹೊತ್ತು ಗೋಡೆ ಗಡಿಯಾರ ನೋಡುತ್ತಾ ಕುಳಿತರು.

"ನೋಡಿ ಸಾಹೇಬರೇ, ಇಲಾಖೆಯವರಲ್ಲದವರು ಓದಿದ್ದು ಅಂತ ನೀವು ಬರೆದುಕೊಟ್ಟರೆ ಆ ಎರಡು ತಿಂಗಳು ಹೋಯಿತು. ರಜೆ ಇಲ್ಲದೆ ಆಸ್ಪತ್ರೆಯಲ್ಲಿದ್ದಿರಿ ಅಂತ ನಿಮ್ಮ ಪಿಂಚಣಿಗೂ ತೊಂದರೆ. ಗಡಿಯಾರ ಕೆಟ್ಟಿತ್ತು ಅಂದರೂ ಹೋಯಿತು, ಯಾವ ಹೊತ್ತಿನ ಓದು ಅಂತ ಯಂತ್ರಕ್ಕೆ ಹೇಗೆ ಹೇಳೋದು? ನಾನೇ ಓದಿದ್ದು, ಗಡಿಯಾರ ಮಾತ್ರ ನಮ್ಮ ಟೈಮಿಗೆ ತಪ್ಪಾಗಿ ಇಟ್ಟಿದ್ದೆ ಅಂತ ಬರೆಯಿರಿ. ಐದೂವರೆ ಗಂಟೆ ಕಳೆಯೋಕೆ ಹೇಳ್ತೀನಿ, ಎಲ್ಲಾ ಸರಿಹೋಗುತ್ತೆ. ನಿಮಗೊಂದು ಎಚ್ಚರಿಕೆ ಪತ್ರ ಬರುತ್ತೆ, ಅಷ್ಟೇ."

"ಹಂಗ್ ಬರ್ದ್ರೆ ಆಕಿ ಇರಲೇ ಇಲ್ಲ ಅಂದಂಗಾತಲ್ರಿ."

"ಅವರು ಓದಿದ್ದು ಇರುತ್ತಲ್ಲ" ಅಂದರು ಅಧಿಕಾರಿ, ಮೆಲ್ಲಗೆ.

ಸಾರ್ ಎದ್ದು ಹೊರಗೆ ಹೋದರು. ಕಿಟಕಿಯಿಂದ ನಾನು ನೋಡುತ್ತಿದ್ದೆ. ಥರ್ಮಾಮೀಟರಿನ ಪೆಟ್ಟಿಗೆಯ ಮುಂದೆ ನಿಂತರು, ಬಾಗಿಲು ತೆಗೆಯಲಿಲ್ಲ. ಅಕ್ಕ ಎರಡು ತಿಂಗಳು ನಿಂತ ಜಾಗ ಅದು. ಧರ್ಮಪುರದ ಬಸ್ಸು ಬಂತು, ಹೋಯಿತು. ಆಮೇಲೆ ಒಳಗೆ ಬಂದು, ಚಾಳೀಸು ಹಾಕಿಕೊಂಡು, ಅಧಿಕಾರಿ ಹೇಳಿದ್ದನ್ನು ಹೇಳಿದ ಹಾಗೆ ಬರೆದು ಸಹಿ ಹಾಕಿದರು. ಒಂದು ಸಲ ಗಂಟೆ ತಪ್ಪಿಲ್ಲ ಎಂದು ಊರೆಲ್ಲ ಜಂಬ ಕೊಚ್ಚಿಕೊಂಡವರು, ಎರಡು ತಿಂಗಳು ದಿನಕ್ಕೆರಡು ಸಲ ತಪ್ಪಿದೆ ಎಂದು ಒಪ್ಪಿಕೊಂಡರು. ನನಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ. ಅಧಿಕಾರಿಯ ಟೀ ಲೋಟ ತೊಳೆಯುವಾಗ ಅದನ್ನು ಕುಕ್ಕಿ ಒಡೆದೆ.

ಎಚ್ಚರಿಕೆ ಪತ್ರ ಬಂತು. ಅಜಾಗರೂಕತೆ ಎಂಬ ಮಾತು ಅದರಲ್ಲಿ ಎರಡು ಕಡೆ ಇತ್ತು. ಮರುವರ್ಷ ಅವರ ನಿವೃತ್ತಿಗೆ ಹಿರಿಯೂರಿನಲ್ಲಿ ಸಣ್ಣ ಸಮಾರಂಭ ಮಾಡಿದೆವು. ಬೇರೆ ಕಡೆಯಿಂದ ಬಂದ ಸಾಹೇಬರೊಬ್ಬರು ಭಾಷಣದಲ್ಲಿ, ನಾವೆಲ್ಲ ಗಡಿಯಾರ ನೋಡಿ ಕೆಲಸ ಮಾಡಿದರೆ ಇವರು ಗಡಿಯಾರವನ್ನೇ ತಮಗೆ ಬೇಕಾದಂತೆ ತಿರುಗಿಸಿದವರು ಎಂದು ತಮಾಷೆ ಮಾಡಿದರು. ಎಲ್ಲರೂ ನಕ್ಕರು. ಅವರೂ ನಕ್ಕು, ಎದೆಗೆ ಕೈ ಇಟ್ಟು ಸಲಾಮು ಮಾಡಿದರು. ತಟ್ಟೆಯಲ್ಲಿದ್ದ ಮೈಸೂರುಪಾಕನ್ನು ನಾನು ಹಾಗೇ ಬಿಟ್ಟು ಎದ್ದೆ.

ದುರ್ಗದಲ್ಲಿ ತಮ್ಮನ ಕಲಾಯಿ ಅಂಗಡಿಯ ಮೇಲಿನ ಕೋಣೆಯಲ್ಲಿ ಅವರು ಇದ್ದರು. ಯಂತ್ರದಿಂದ ತಿದ್ದಿದ ಹೊಸ ಪಟ್ಟಿ ಆಫೀಸಿಗೆ ಬಂದಾಗ ಒಂದು ಭಾನುವಾರ ಅದನ್ನು ಚೀಲದಲ್ಲಿಟ್ಟುಕೊಂಡು ಹೋದೆ. ಕೆಳಗಿನಿಂದ, ಕಲಾಯಿಗೆ ಹಾಕುವ ನವಸಾಗರದ ಹೊಗೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಮಂಚದ ಮೇಲೆ ಕಾಗದ ಬಿಚ್ಚಿದೆ. ಒಂದು ನಕ್ಷತ್ರವೂ ಇರಲಿಲ್ಲ. ಬೆಳಗಿನ ಚಳಿ ಬೆಳಿಗ್ಗೆಯೇ ಇತ್ತು, ಸಂಜೆಯ ಸೆಕೆ ಸಂಜೆಯೇ.

"ಎಲ್ಲಾ ಉಳಿದವೆ ಸಾರ್" ಅಂದೆ. "ಒಂದಿನಾನೂ ಬಿಟ್ಟಿಲ್ಲ."

ಅವರು ಬೆರಳಿಟ್ಟು ಒಂದೊಂದೇ ಸಾಲು ಇಳಿಯುತ್ತಾ ಬಂದರು. ಇದು ಬಿದ್ದ ಮರುದಿನ. ಇದು ಕಾಲಿಗೆ ತೂಕ ಕಟ್ಟಿದ ದಿನ. ಇದು ಭಾನುವಾರ, ಅವತ್ತು ಮುದ್ದೆ ಕಟ್ಟಿಕೊಂಡು ಬಂದಿದ್ದಳು. ಹೀಗೆ ಓದುತ್ತಾ ಮಾರ್ಗಶಿರದ ನಡುವೆ ಎಲ್ಲೋ ಒಂದು ಸಾಲಿನ ಮೇಲೆ ಬೆರಳು ನಿಂತಿತು.

"ಹತ್ತು ಪಾಯಿಂಟ್ ನಾಲ್ಕು" ಅಂದರು.

"ಆ ವರ್ಷಕ್ಕೆಲ್ಲ ಅದೇ ಕಡಿಮೆ ಸಾರ್. ಅಷ್ಟು ಚಳಿ ನಮ್ ಕಡೆ ಅಪರೂಪ."

"ಆಸ್ಪತ್ರೆಯಿಂದ ಬಂದೋನು ಮೊದ್ಲು ರಿಜಿಸ್ಟ್ರು ನೋಡಿದ್ದೆ ಕಣಮ್ಮ. ಈ ಹತ್ತು ಪಾಯಿಂಟ್ ನಾಲ್ಕೂ ನೋಡಿದ್ದೆ. ಎಷ್ಟು ಚೊಕ್ಕ ಓದಿದಾಳೆ ಅಂತ ಖುಷಿಯಾಗಿತ್ತು. ಅಷ್ಟೇ ಆಗಿದ್ದು ನನಗೆ."

ಅವರು ಕಾಗದದಿಂದ ಬೆರಳು ತೆಗೆಯಲಿಲ್ಲ.

"ಮನ್ಯಾಗಿದ್ದದ್ದು ಒಂದೇ ಕಂಬಳಿ. ಅದನ್ನ ಆಸ್ಪತ್ರೇಲಿ ನನಗೆ ಹೊದಿಸಿ ಹೋಗಿದ್ಲು. ಬಂದಾಗೆಲ್ಲ ಕೇಳ್ತಿದ್ದೆ, ಊರಾಗೆ ಚಳಿ ಹೆಂಗೈತೆ ಅಂತ." ಅವರ ದನಿ ಒಡೆಯಿತು. "ಏನಿಲ್ಲ, ಬೆಚ್ಚಗೈತೆ ಅಂತಿದ್ಲು."